ಒಂದು ಸಹಿಯ ಮೇಲೆ ನಿಂತ ಆರೋಗ್ಯ ವಿಮೆ

ಕೆಂಟಕಿ ಅಮೆರಿಕದ ಬಡ ರಾಜ್ಯಗಳಲ್ಲೊಂದು. ಅದರ ಪೂರ್ವಭಾಗ ಕಲ್ಲಿದ್ದಲು ಸೀಮೆ. ಗಣಿಧೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡವರ ನೆಲ. 2013ರಲ್ಲಿ ಇಲ್ಲಿನ ಶೇ 14ರಷ್ಟು ಜನರಿಗೆ ಆರೋಗ್ಯ ವಿಮೆ ಇರಲಿಲ್ಲ. 2015ರ ಹೊತ್ತಿಗೆ ಆ ಪ್ರಮಾಣ ಶೇ 6ಕ್ಕೆ ಇಳಿಯಿತು. ಈ ಇಳಿಕೆಗೆ ದಾರಿಮಾಡಿದ ಕಾನೂನು ಒಬಾಮ ಸರ್ಕಾರದ್ದು. ಒಪ್ಪಿ ಜಾರಿಗೊಳಿಸಿದ್ದು ರಾಜ್ಯ.

ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಅನ್ನು ಎಲ್ಲ ರಾಜ್ಯಗಳೂ ಇನ್ನಷ್ಟು ಜನರಿಗೆ ವಿಸ್ತರಿಸಬೇಕೆಂದು 2010ರ ಆ ಕಾನೂನು ಹೇಳಿತ್ತು. ರಾಜ್ಯಗಳನ್ನು ಹಾಗೆ ಬಲವಂತಪಡಿಸುವಂತಿಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ವಿಸ್ತರಣೆಯ ಖರ್ಚಿನಲ್ಲಿ ಈಗ ಶೇ 90 ಕೇಂದ್ರದ್ದೇ. ಆದರೂ ಟೆಕ್ಸಾಸ್, ಫ್ಲಾರಿಡಾ ಇನ್ನೂ ಒಪ್ಪಿಲ್ಲ.

ಕೆಂಟಕಿಯಲ್ಲಿ ವಿಸ್ತರಣೆ ಬಂದದ್ದು ಗವರ್ನರ್ ಸ್ಟೀವ್ ಬೆಶಿಯರ್ ಅವರ ಆದೇಶದಿಂದ. 2015ರಲ್ಲಿ ಗವರ್ನರ್ ಚುನಾವಣೆ ಗೆದ್ದ ಮ್ಯಾಟ್ ಬೆವಿನ್, ರಾಜ್ಯದ್ದೇ ಆದ ವಿಮಾ ಜಾಲತಾಣವನ್ನು ಮುಚ್ಚಿಸಿದರು. ತಿಂಗಳಿಗೆ 80 ಗಂಟೆ ದುಡಿಮೆ ತೋರಿಸಿದರಷ್ಟೇ ಮೆಡಿಕೇಡ್ ಎಂಬ ಷರತ್ತಿಗೆ 2018ರಲ್ಲಿ ಕೇಂದ್ರದ ಒಪ್ಪಿಗೆಯನ್ನೂ ಪಡೆದರು. ಹೊಸ ಯೋಜನೆಯಿಂದ ಸುಮಾರು 95,000 ಮಂದಿ ಪಟ್ಟಿಯಿಂದ ಹೊರಬೀಳುತ್ತಾರೆಂದು ರಾಜ್ಯವೇ ಅಂದಾಜಿಸಿತ್ತು. ಕೇಂದ್ರ ನ್ಯಾಯಾಲಯದ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಆ ಯೋಜನೆಯನ್ನು ಎರಡು ಬಾರಿ ತಡೆದರು. 2019ರ ಚುನಾವಣೆಯಲ್ಲಿ ಬೆವಿನ್ ಸುಮಾರು 5,000 ಮತಗಳಿಂದ ಸೋತರು. ಗೆದ್ದ ಆ್ಯಂಡಿ ಬೆಶಿಯರ್, ಸ್ಟೀವ್ ಅವರ ಮಗ, ಷರತ್ತನ್ನು ಕೈಬಿಟ್ಟು ಜಾಲತಾಣಕ್ಕೆ ಮರುಜೀವ ಕೊಟ್ಟರು.

ಗವರ್ನರ್ ಬದಲಾದಾಗಲೆಲ್ಲ ರೋಗಿಯ ಎದೆ ನಡುಗಬೇಕೆ? ಒಕ್ಲಹೋಮ, ಮಿಸೌರಿಗಳ ಮತದಾರರು 2020ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ವಿಸ್ತರಣೆಯನ್ನು ರಾಜ್ಯದ ಸಂವಿಧಾನದಲ್ಲೇ ಬರೆಸಿದರು. ಮಿಸೌರಿಯ ಶಾಸಕರು ಹಣ ಕೊಡಲು ಒಪ್ಪದಿದ್ದಾಗ, 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನರ ತೀರ್ಮಾನವನ್ನೇ ಎತ್ತಿಹಿಡಿಯಿತು.

ಕೆಂಟಕಿಯಲ್ಲಿ ಬಿದ್ದುಹೋದ ಷರತ್ತು ಈಗ ದೇಶದ ಕಾನೂನಾಗಿದೆ. 2025ರಲ್ಲಿ ಟ್ರಂಪ್ ಸಹಿ ಹಾಕಿದ ಕಾಯ್ದೆಯಂತೆ 2027ರಿಂದ ವಿಸ್ತರಣೆಯ ಅನೇಕ ಫಲಾನುಭವಿಗಳು ತಿಂಗಳಿಗೆ 80 ಗಂಟೆಯ ಲೆಕ್ಕ ಕೊಡಬೇಕು. ಇಂಥದೇ ನಿಯಮ ಜಾರಿಯಾದ ಅರ್ಕಾನ್ಸಾದಲ್ಲಿ 2018ರ ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡಿದ್ದರು. ದುಡಿಯುತ್ತಿದ್ದರೂ ಅದನ್ನು ದಾಖಲಿಸುವ ಬಗೆ ತಿಳಿಯದವರು ಅವರಲ್ಲಿದ್ದರು. ಸಂಬಳದ ದಾಖಲೆಗಳನ್ನು ಸರ್ಕಾರವೇ ಪರಿಶೀಲಿಸುವುದೋ, ಕಾಯಿಲೆಯವರ ಕೈಗೆ ಅರ್ಜಿ ಕೊಟ್ಟು ಕೂರುವುದೋ? ಈ ನಿರ್ಧಾರ ಬಹುಮಟ್ಟಿಗೆ ರಾಜ್ಯಗಳದ್ದು. 2010ರ ಕಾನೂನು ಉಳಿದು ಜನ ಹೊರಬಿದ್ದರೆ, ಸುಧಾರಣೆ ರದ್ದಾದಂತೆಯೇ ಸರಿ.