ಕಾರಿಗೊಂದು ಕವಚ: ಬೇಕೋ, ಬೇಡವೋ?

ಹೋದ ವರ್ಷದ ದಸರೆ ಮುಗಿದ ವಾರ ಐರೋಲಿಯಲ್ಲಿ ನಮ್ಮ ಕೆಳಗಿನ ಮಹಡಿಯ ಗೃಹಸ್ಥರು ನಮ್ಮನ್ನು ಚಹಕ್ಕೆ ಕರೆದಿದ್ದರು. ಹೊಸ ಕಾರಿಗೆ ಹಣ ಕಟ್ಟಿ ಬಂದಿದ್ದರು. ಕಾರು ಕೈಗೆ ಬರಲು ಇನ್ನೂ ಎಂಟು ದಿನವಿತ್ತು. ಧಾರವಾಡದ ಪೇಡೆ ನಮ್ಮ ಬಾಯಿಗೆ ಬೀಳುವ ಮೊದಲೇ ಗಂಡಹೆಂಡಿರ ವಾದ ಕಿವಿಗೆ ಬಿತ್ತು. ಶೋರೂಮಿನ ಹುಡುಗ ಫೋನು ಮಾಡಿ, ಕಾರಿನ ಮೈಗೆಲ್ಲ ಪಾರದರ್ಶಕವಾದ ಒಂದು ಫಿಲಂ ಅಂಟಿಸಿಕೊಡುತ್ತೇವೆ, ಬಣ್ಣ ವರ್ಷಗಟ್ಟಲೆ ಹೊಸದರಂತೆಯೇ ಇರುತ್ತದೆ, 1 ಲಕ್ಷ 20 ಸಾವಿರ ರೂಪಾಯಿ ಅಷ್ಟೆ, ಎಂದಿದ್ದನಂತೆ.

“ಹನ್ನೆರಡು ಲಕ್ಷ ಸುರಿದು ತರೂ ಗಾಡಿ ಐತ್ರಿ. ಮೈಮ್ಯಾಲ ಒಂದು ಗೀರು ಬಿದ್ದರ ಹೊಟ್ಟಿ ಉರಿಯೂದಿಲ್ಲೇನು?” ಎಂದರು ಯಜಮಾನರು.

“ಅಷ್ಟು ರೊಕ್ಕದಾಗ ಊರ ಮನಿ ಮಾಳಿಗಿ ಸೋರೂದು ನಿಂತೀತು. ಅತ್ತಿಯವರು ಈ ಮಳಿಗಾಲದಾಗೂ ಹಾಸಿಗಿ ಎಳಕೋತ ಒಣಾ ಮೂಲಿ ಹುಡಿಕ್ಯಾರ. ಅದಕ್ಕ ಹೊದಿಸೂದು ಬಿಟ್ಟು ಕಾರಿಗೆ ಹೊದಸ್ತೀರೇನು?” ಎಂದರು ಮನೆಯಾಕೆ.

ಹೀಗೆಂದು ಇಬ್ಬರೂ ನಮ್ಮ ಮುಖ ನೋಡಿದರು. ಏಳು ವರ್ಷದಿಂದ ಅದೇ ಕಟ್ಟಡದ ಕೆಳಗೆ ಕಾರು ನಿಲ್ಲಿಸುತ್ತಿರುವವರು ನಾವು. ತೀರ್ಪು ನಮ್ಮದೇ ಆಗಬೇಕಂತೆ! ನಾಲ್ಕು ದಿನ ಅವಕಾಶ ಕೇಳಿ ಎದ್ದು ಬಂದೆವು. ಫಿಲಂ ಹಚ್ಚುವ ಅಂಗಡಿ, ಬಣ್ಣ ಹೊಡೆಯುವ ಗ್ಯಾರೇಜು, ವಿಮೆಯ ಏಜಂಟರು ಈ ಮೂರೂ ಬಾಗಿಲುಗಳನ್ನು ತಟ್ಟಿ ತಿಳಿದುಕೊಂಡದ್ದನ್ನು, ಇದೇ ಪೇಚಿನಲ್ಲಿರುವ ಇತರ ಕುಟುಂಬಗಳಿಗೂ ಒದಗಲೆಂದು, ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಈ ಪದಾರ್ಥವೇನೆಂದು ನೋಡೋಣ. ಇದರ ಪೂರ್ತಿ ಹೆಸರು ಪೇಂಟ್ ಪ್ರೊಟೆಕ್ಷನ್ ಫಿಲಂ. ಅಂಗಡಿಯವರ ಬಾಯಲ್ಲಿ ಪಿಪಿಎಫ್. ಪಾಲಿಯುರೇಥೇನ್ ಎಂಬ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಪ್ಲಾಸ್ಟಿಕ್ಕಿನ ಹಾಳೆ ಇದು. ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಯ ಅಂಚು ಮರಳು, ಕಲ್ಲುಪುಡಿ ಬಡಿದು ಸವೆಯುತ್ತಿದ್ದುದನ್ನು ತಡೆಯಲು ಇಂಥ ಹಾಳೆಯನ್ನು ಬಳಸಿದರು. ಅಲ್ಲಿಂದ ಅದು ಪಂದ್ಯದ ಕಾರುಗಳಿಗೆ ಬಂತು, ಆಮೇಲೆ ಶ್ರೀಮಂತರ ಕಾರುಗಳಿಗೆ. ಈಗ ನಮ್ಮ ನಿಮ್ಮ ಬಾಗಿಲಿಗೂ ಬಂದಿದೆ.

ಕರ್ಣನು ಕವಚದೊಡನೆ ಹುಟ್ಟಿದಂತೆ ಕಾರು ಕೂಡ ಒಂದು ಕವಚದೊಡನೆಯೇ ಕಾರ್ಖಾನೆಯಿಂದ ಹೊರಬೀಳುತ್ತದೆ. ಉಕ್ಕಿನ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ಬಲದಿಂದ ಮೂಲೆಮೂಲೆಗೂ ಹಿಡಿಯುವಂತೆ ತುಕ್ಕು ತಡೆಯುವ ಮೊದಲ ಲೇಪವನ್ನು ಕೊಡುತ್ತಾರೆ. ಅದರ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಪಾರದರ್ಶಕ ವಾರ್ನಿಷು. ಇಷ್ಟೆಲ್ಲ ಸೇರಿದರೂ ದಪ್ಪ ಸುಮಾರು 100ರಿಂದ 130 ಮೈಕ್ರಾನು. ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲೆನ್ನಿ. ಹೊಳಪು ಕೊಡುವ ಮೇಲಿನ ವಾರ್ನಿಷು ತಲೆಗೂದಲಿಗಿಂತಲೂ ತೆಳ್ಳಗೆ, ಸುಮಾರು 40 ಮೈಕ್ರಾನು. ಇದರ ಮೇಲೆ ಅಂಟಿಸುವ ಫಿಲಂ 150ರಿಂದ 200 ಮೈಕ್ರಾನು, ಅಂದರೆ ಇಡೀ ಬಣ್ಣಕ್ಕಿಂತ ದಪ್ಪ. ಕಲ್ಲಿನ ಪೆಟ್ಟನ್ನು ತಾನು ತಿಂದು ಬಣ್ಣವನ್ನು ಉಳಿಸುವ ಶಕ್ತಿ ಅದಕ್ಕೆ ನಿಜವಾಗಿಯೂ ಉಂಟು. ಒಳ್ಳೆಯ ಫಿಲಮಿನ ಮೇಲ್ಪದರದಲ್ಲಿ ಸಣ್ಣ ಗೀರುಗಳು ಬಿಸಿಲಿಗೋ ಬಿಸಿನೀರಿಗೋ ತಾವಾಗಿ ಮಾಯುತ್ತವೆ. ಅಂಗಡಿಯವನು ತಂತಿಯ ಬ್ರಷ್ಷಿನಿಂದ ಉಜ್ಜಿ, ಬಿಸಿನೀರು ಹುಯ್ದು, ಈ ಚಮತ್ಕಾರವನ್ನು ನಮ್ಮೆದುರಿಗೇ ತೋರಿಸಿದ. ಆಳವಾಗಿ ಕೊಯ್ದ ಗಾಯ ಮಾತ್ರ ಮಾಯದು.

ಶೋರೂಮಿನವರು ಇದೇ ಉಸಿರಿನಲ್ಲಿ ಸೆರಾಮಿಕ್ ಲೇಪವನ್ನೂ ಹೇಳುವುದುಂಟು. ಅದು ಬೇರೆ ವಸ್ತು. ಒಂದೆರಡು ಮೈಕ್ರಾನಿನ ಆ ಲೇಪದಿಂದ ನೀರು ಜಾರುತ್ತದೆ, ಕೊಳೆ ಸುಲಭವಾಗಿ ಹೋಗುತ್ತದೆ, ಕಲ್ಲು ನಿಲ್ಲುವುದಿಲ್ಲ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲಾಯಿ ತಾನು ಸವೆದು ಪಾತ್ರೆಯನ್ನು ಕಾಯುತ್ತದೆ. ಸವೆದ ಮೇಲೆ ಮತ್ತೆ ಹಾಕಿಸಬೇಕು. ಫಿಲಮಿನ ಆಯುಸ್ಸೂ ಐದರಿಂದ ಹತ್ತು ವರ್ಷ. ಅವಧಿ ಮೀರಿ ಬಿಟ್ಟರೆ ಅದು ಗಡುಸಾಗಿ, ಕೀಳುವಾಗ ಅಂಟು ಉಳಿದು ಕಾಡುತ್ತದೆ. ಹಾಕಿಸುವ ಖರ್ಚನ್ನು ಎಲ್ಲರೂ ಲೆಕ್ಕ ಹಿಡಿಯುತ್ತಾರೆ, ತೆಗೆಸುವ ಖರ್ಚನ್ನು ಯಾರೂ ಹೇಳುವುದಿಲ್ಲ.

ಇನ್ನು ನಮ್ಮ ಐರೋಲಿಯ ಮಾತು. ಒಂದು ಕಡೆ ಥಾಣೆಯ ಖಾರಿ, ಅದರ ಉಪ್ಪು ಗಾಳಿ. ಇನ್ನೊಂದು ಕಡೆ 1960ರ ದಶಕದಿಂದ ಕಾರ್ಖಾನೆಗಳು ಸಾಲುಗಟ್ಟಿದ ಥಾಣೆ-ಬೇಲಾಪುರ ರಸ್ತೆ. ನಾಲ್ಕು ತಿಂಗಳು ಎಡೆಬಿಡದ ಮಳೆ. ಕಾರಿನ ಆರೋಗ್ಯಕ್ಕೆ ಇದಕ್ಕಿಂತ ಕೆಟ್ಟ ಹವೆ ಬೇಕೆ? ಖಾರಿಯ ರಾಜಹಂಸಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ, ಬರಲಿ. ನಮ್ಮ ಕಾರುಗಳ ಮೇಲೆ ಕೃಪೆ ಮಾಡುವವು ಮಾತ್ರ ಪಾರಿವಾಳ ಮತ್ತು ಕಾಗೆ. ಅವುಗಳ ಹಿಕ್ಕೆಯಲ್ಲಿ ಆಮ್ಲವಿದೆ. ಬಿಸಿಲಿಗೆ ಕಾದ ವಾರ್ನಿಷಿನ ಮೇಲೆ ಅದು ಒಂದೆರಡು ದಿನ ಕುಳಿತರೂ ಸಾಕು, ಒರೆಸಿದರೂ ಹೋಗದ ಕಲೆ ಉಳಿಯುತ್ತದೆ.

ಇದನ್ನೆಲ್ಲ ಯೋಚಿಸುತ್ತ ಒಂದು ಬೆಳಗ್ಗೆ ಕಾಗದ ಪೆನ್ಸಿಲು ಹಿಡಿದು ನಮ್ಮದೇ ಕಾರಿಗೆ ಪ್ರದಕ್ಷಿಣೆ ಬಂದೆವು. ಗಾಡಿ ಮಾರುತ್ತೀರಾ ಎಂದು ವಾಚ್‌ಮನ್ ಕೇಳಿದ. ಏಳು ವರ್ಷದ ಗಾಯಗಳ ಪಟ್ಟಿ ಹೀಗಿತ್ತು. ಕಲ್ಲು ಸಿಡಿದ ಚುಕ್ಕೆಗಳು 23. ಅವುಗಳಲ್ಲಿ 19 ಮುಂದಿನ ಬಂಪರಿನ ಮೇಲೆ ಮತ್ತು ಬಾನೆಟ್ಟಿನ ಮೊದಲ ಗೇಣಿನಲ್ಲಿ, ಉಳಿದವು ಪಕ್ಕದ ಕನ್ನಡಿಗಳ ಬೆನ್ನಿಗೆ ಮತ್ತು ಚಕ್ರದ ಹಿಂದೆ. ಮಾಡಿನ ಮೇಲೆ ಒಂದೂ ಇಲ್ಲ, ಡಿಕ್ಕಿಯ ಮೇಲೂ ಇಲ್ಲ. ಬಾಗಿಲುಗಳ ಅಂಚು ಗೋಡೆಗೆ ತಾಗಿ ಉದುರಿತ್ತು. ಹಿಂದಿನ ಬಂಪರಿನ ಗೀರು, ಒಪ್ಪಿಕೊಳ್ಳಬೇಕು, ಕಂಬ ಕಾಣದೆ ನಾವೇ ಮಾಡಿಕೊಂಡದ್ದು. ಎಡಬದಿಯ ಹಿಂಬಾಗಿಲಿಗೆ ಯಾರದೋ ಸ್ಕೂಟರಿನ ಹ್ಯಾಂಡಲು ತಾಗಿ ತಗ್ಗು ಬಿದ್ದಿತ್ತು. ಅದಕ್ಕೆ ಯಾವ ಫಿಲಮೂ ಅಡ್ಡ ಬರುತ್ತಿರಲಿಲ್ಲ. ಇನ್ನು ಮೈಯೆಲ್ಲ ಜೇಡರ ಬಲೆಯಂತೆ ಹರಡಿದ ಸಣ್ಣ ಗೀರುಗಳು. ಅವು ದಿನಾ ಬೆಳಗ್ಗೆ ಇಪ್ಪತ್ತು ಕಾರುಗಳನ್ನು ಒಂದೇ ಬಕೆಟ್ಟಿನ ನೀರು, ಒಂದೇ ಬಟ್ಟೆಯಿಂದ ಒರೆಸುವ ಹುಡುಗನ ಪ್ರಸಾದ. ಪಾಪ, ಅವನದು ತಪ್ಪಲ್ಲ. ಎರಡು ಮೆತ್ತನೆಯ ಬಟ್ಟೆಗಳನ್ನು ನಾವು ಕೊಟ್ಟಿದ್ದರೆ ಆಗುತ್ತಿತ್ತು. ಈಗ ಕೊಟ್ಟಿದ್ದೇವೆ.

ಆ 23 ಚುಕ್ಕೆಗಳು ಬಂದದ್ದಾದರೂ ಎಲ್ಲಿಂದ? ಐರೋಲಿಯ ಸೇತುವೆಯ ಮೇಲೆ ಆಮೆಯಂತೆ ತೆವಳುವ ಸಂಚಾರದಲ್ಲಿ ಕಲ್ಲು ಸಿಡಿಯುವುದೆಲ್ಲಿ ಬಂತು! ಬಂದದ್ದು ಊರಿಗೆ ಹೋಗುವ ದಾರಿಯಲ್ಲಿ. ಪುಣೆ ದಾಟಿ, ಸಾತಾರಾ, ಕರಾಡ, ಕೊಲ್ಹಾಪುರ, ಬೆಳಗಾವಿ ಎಂದು ಐನೂರು ಕಿಲೋಮೀಟರಿಗೂ ಮಿಕ್ಕ ಹೆದ್ದಾರಿ. ಸಾತಾರೆಯಿಂದ ಕಾಗಲದವರೆಗೆ ರಸ್ತೆ ಅಗಲಿಸುವ ಕೆಲಸ, ಜಲ್ಲಿ ತುಂಬಿದ ಲಾರಿಗಳ ಹಿಂದೆ ನಮ್ಮ ಮೆರವಣಿಗೆ. ವರ್ಷಕ್ಕೆ ಎರಡು ಸಲ ಹೀಗೆ ಹೋಗಿಬರುವ ಕುಟುಂಬದ ಕಾರಿಗೆ ಪೆಟ್ಟು ಬೀಳುವುದು ಮುಖಕ್ಕೆ. ಬಂಪರು ಪ್ಲಾಸ್ಟಿಕ್ಕಿನದು, ಎಷ್ಟು ಚುಕ್ಕೆ ಬಿದ್ದರೂ ತುಕ್ಕು ಹಿಡಿಯದು, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ. ಬಾನೆಟ್ಟು ಉಕ್ಕಿನದಾಗಿದ್ದರೆ ಚುಕ್ಕೆ ಲೋಹದವರೆಗೆ ಇಳಿದ ದಿನದಿಂದ ನಮ್ಮ ಉಪ್ಪು ಗಾಳಿ ಕೆಲಸ ಶುರುಮಾಡುತ್ತದೆ.

ಆದರೆ ಉಪ್ಪು ಗಾಳಿ ಹೆಚ್ಚಾಗಿ ಕೆಲಸ ಮಾಡುವುದು ಫಿಲಂ ತಲುಪದ ಕಡೆ. ಕಾರಿನ ಹೊಟ್ಟೆಯಡಿ, ಚಕ್ರದ ಗೂಡಿನೊಳಗೆ, ನೀರು ಹೊರಹೋಗುವ ರಂಧ್ರ ಕಟ್ಟಿಕೊಂಡ ಬಾಗಿಲಿನ ಬುಡದಲ್ಲಿ. ಗ್ಯಾರೇಜಿನವನು ನಮ್ಮ ಕಾರನ್ನು ಮೇಲೆತ್ತಿ ಟಾರ್ಚು ಬಿಟ್ಟು ತೋರಿಸಿದಾಗ, ಏಳು ವರ್ಷ ಮೇಲಿನ ಹೊಳಪಿಗೇ ಕೊರಗಿದ ನಮಗೆ ನಾಚಿಕೆಯಾಯಿತು. ಮಳೆಗಾಲ ಮುಗಿದೊಡನೆ ಅಡಿಭಾಗ ತೊಳೆಸಿ, ತುಕ್ಕು ತಡೆಯುವ ಲೇಪ ಹಾಕಿಸಲು ಫಿಲಮಿನ ಬೆಲೆಯ ಒಂದು ಸಣ್ಣ ಪಾಲು ಸಾಕು.

ಈಗ ಲೆಕ್ಕ. ನಾವು ವಿಚಾರಿಸಿದ ಕಡೆ ಮೈಯೆಲ್ಲ ಫಿಲಂ ಹಾಕಲು ಕಾರಿನ ಗಾತ್ರ, ಫಿಲಮಿನ ದರ್ಜೆ ನೋಡಿಕೊಂಡು 70 ಸಾವಿರದಿಂದ ಎರಡು ಲಕ್ಷದವರೆಗೆ ಹೇಳಿದರು. ಒಂದು ಬಾಗಿಲನ್ನೋ ಬಂಪರನ್ನೋ ಪೂರ್ತಿ ಬಣ್ಣ ಹೊಡೆಯಲು ಗ್ಯಾರೇಜಿನವನು ಕೇಳಿದ್ದು 4ರಿಂದ 5 ಸಾವಿರ. ನೆರೆಯವರ 1 ಲಕ್ಷ 20 ಸಾವಿರದಲ್ಲಿ ಅವರ ಕಾರಿನ ಮೈಯನ್ನು ಒಂದು ಸುತ್ತು ಪೂರ್ತಿ ಬಣ್ಣ ಹೊಡೆಸಿ, ಇನ್ನೂ ಅರ್ಧ ಉಳಿಯುತ್ತದೆ. ಅದಕ್ಕೆ ಫಿಲಂ ಅಂಗಡಿಯವನು ಒಂದು ಒಳ್ಳೆಯ ಉತ್ತರ ಕೊಟ್ಟ: ಗ್ಯಾರೇಜಿನ ಬಣ್ಣ ಕಾರ್ಖಾನೆಯ ಬಣ್ಣವಾಗದು; ಹಳೆಯ ಕಾರು ಕೊಳ್ಳುವವರು ಬಣ್ಣದ ದಪ್ಪ ಅಳೆಯುವ ಯಂತ್ರ ತರುತ್ತಾರೆ, ಎಲ್ಲಿ ದಪ್ಪ ಕಂಡಿತೋ ಅಲ್ಲಿ ಅಪಘಾತವಾಗಿದೆ ಎಂದು ಬೆಲೆ ಮುರಿಯುತ್ತಾರೆ. ಮಾತು ನಿಜ. ಆದ್ದರಿಂದ ನಾಲ್ಕೈದು ವರ್ಷಕ್ಕೆ ಕಾರು ಬದಲಿಸುವವರಿಗೆ, ಬೆಲೆಬಾಳುವ ಕಪ್ಪು ಕಾರಿನವರಿಗೆ ಪೂರ್ತಿ ಫಿಲಂ ವ್ಯರ್ಥವೆಂದು ನಾವು ಹೇಳಲಾರೆವು. ಹತ್ತು ಹನ್ನೆರಡು ವರ್ಷ ಓಡಿಸುವ ನಮ್ಮಂಥವರು ಮಾತ್ರ, ಯಾರೋ ಮುಂದೆ ಕೊಳ್ಳುವವನ ಸಂತೋಷಕ್ಕಾಗಿ ಇಂದು ಲಕ್ಷ ರೂಪಾಯಿ ಕಟ್ಟಿದಂತಾಗುತ್ತದೆ. ವಿಮೆಯಿಂದ ಬಣ್ಣ ಹೊಡೆಸೋಣವೆಂದರೆ, ಸಾಮಾನ್ಯ ಪಾಲಿಸಿಯಲ್ಲಿ ಬಣ್ಣದ ಸಾಮಗ್ರಿಯ ಬೆಲೆಯ ಅರ್ಧವನ್ನು ಸವಕಳಿಯೆಂದು ಕಳೆಯುತ್ತಾರೆ. ಸಣ್ಣ ಗೀರಿಗೆ ಹಣ ಕೇಳಿದರೆ, ಐದು ವರ್ಷ ಕೇಳದೆ ಕೂಡಿಸಿದ ಶೇಕಡಾ 50ರ ನೋ ಕ್ಲೇಮ್ ಬೋನಸ್ಸು ಹೋಗುತ್ತದೆ.

ಹಾಕಿಸುವುದಾದರೆ ಕೆಲವು ಎಚ್ಚರಿಕೆ ಬೇಕು. ಪಾಲಿಯುರೇಥೇನೋ, ಅಗ್ಗದ ಪಿವಿಸಿಯೋ ಎಂದು ಮೊದಲೇ ಕೇಳಿ. ನಾವು ಹಿಂದೊಮ್ಮೆ ಅಗ್ಗವೆಂದು ಬಾಗಿಲ ಹಿಡಿಗಳ ಕೆಳಗೆ ಪಿವಿಸಿ ಹಚ್ಚಿಸಿ, ಮೂರೇ ವರ್ಷಕ್ಕೆ ಅದು ಅರಿಸಿನದ ಬಣ್ಣಕ್ಕೆ ತಿರುಗಿದ್ದನ್ನು ಕಂಡಿದ್ದೇವೆ. ಫಿಲಂ ರೋಲಿನ ನಂಬರನ್ನು ವಾರಂಟಿ ಕಾಗದದ ಮೇಲೆ ಬರೆಸಿಕೊಳ್ಳಿ. ಆ ವಾರಂಟಿ ಹಳದಿಯಾಗುವುದಕ್ಕೆ, ಬಿರಿಯುವುದಕ್ಕೆ, ಏಳುವುದಕ್ಕೆ. ಕಲ್ಲು ತೂರಿದರೆ ಅಲ್ಲ. ಕಾರಿನ ಮೇಲೆಯೇ ಬ್ಲೇಡು ಆಡಿಸುವವರಿಗಿಂತ ಯಂತ್ರದಲ್ಲಿ ಅಳತೆಗೆ ಕತ್ತರಿಸಿ ತರುವವರು ಮೇಲು. ಕೈ ಜಾರಿದರೆ ಕಾಯಬೇಕಾದ ಬಣ್ಣಕ್ಕೇ ಗಾಯ. ಧೂಳಿಲ್ಲದ ಮುಚ್ಚಿದ ಕೋಣೆಯಲ್ಲಿ ಹಚ್ಚಬೇಕು, ಹಚ್ಚಿದ ಮೇಲೆ ಒಂದು ವಾರ ತೊಳೆಯಬಾರದು. ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಬಣ್ಣ ಚೆನ್ನಾಗಿ ಒಣಗುವವರೆಗೆ ಹಚ್ಚಿಸಲೇಬಾರದು. ಪಾರದರ್ಶಕ ಫಿಲಮಿಗೆ ಅಡ್ಡಿಯಿಲ್ಲ. ಕಾರಿನ ಬಣ್ಣವನ್ನೇ ಬದಲಿಸುವ ಫಿಲಮಾದರೆ ಆರ್‌ಟಿಓ ಕಚೇರಿಯಲ್ಲಿ ಬರೆಸಬೇಕಾಗುತ್ತದೆ.

ನಾಲ್ಕನೆಯ ದಿನ ಇಷ್ಟನ್ನೂ ನೆರೆಯವರ ಮುಂದೆ ಒಪ್ಪಿಸಿದೆವು. ಯಜಮಾನರು ನಮ್ಮ ಪಟ್ಟಿಯನ್ನು ಎರಡು ಸಲ ಓದಿದರು. ಮನೆಯಾಕೆ, “ಹಂಗಾರ ಮಾರಿಗೆ ಅಷ್ಟ ಹಚ್ಚಿಸ್ರಿ” ಎಂದರು. ಬಾನೆಟ್ಟು, ಮುಂದಿನ ಬಂಪರು, ಎರಡು ಕನ್ನಡಿ, ನಾಲ್ಕು ಬಾಗಿಲ ಅಂಚು ಎಂದು ಹೊರಗಿನ ಅಂಗಡಿಯೊಂದರಲ್ಲಿ 28 ಸಾವಿರಕ್ಕೆ ಮುಗಿಯಿತು. ಬಣ್ಣದ ನಂಬರು ಕೊಟ್ಟು ಚುಕ್ಕೆ ಮುಚ್ಚುವ ಸಣ್ಣ ಶೀಸೆಯೊಂದನ್ನೂ ತಂದಿಟ್ಟುಕೊಂಡರು. ಉಳಿದ ಹಣ ಊರಿಗೆ ಹೋಯಿತು. ಮಾಳಿಗೆಯ ಮೇಲೆ ತಗಡು ಬಿತ್ತು.

ಮೇ ತಿಂಗಳಲ್ಲಿ ಅದೇ ಕಾರಿನಲ್ಲಿ ಊರಿಗೆ ಹೋಗಿ ಬಂದವರು ಬಾನೆಟ್ಟಿನ ಫಿಲಮಿನಲ್ಲಿ ಎರಡು ಕಡೆ ಕಲ್ಲು ಕಚ್ಚಿದ ಗುರುತನ್ನು ಉಗುರಿನಿಂದ ಮುಟ್ಟಿ ತೋರಿಸಿದರು. ಕೆಳಗಿನ ಬಣ್ಣ ಹಾಗೆಯೇ ಇತ್ತು. ಜೂನಿನ ಮೊದಲ ದೊಡ್ಡ ಮಳೆಯ ರಾತ್ರಿ ಅತ್ತೆಯವರ ಫೋನು ಬಂದಿತ್ತಂತೆ. ತಗಡಿನ ಸಪ್ಪಳಕ್ಕೆ ನಿದ್ದೆ ಬರಲೊಲ್ಲದು ಎಂಬುದಷ್ಟೇ ಅವರ ದೂರು.