ನಿಮಗಿದು ಗೊತ್ತೇ? ಲೇಥ್‌ಗೆ ಬಗ್ಗದ ಕುದುರೆ

ಚದುರಂಗದ 32 ಕಾಯಿಗಳಲ್ಲಿ 28ನ್ನು ಲೇಥ್ ಮೇಲೆ ಕಡೆದು ತೆಗೆಯಬಹುದು. ಮಿಕ್ಕ ನಾಲ್ಕೂ ಕುದುರೆ. ಲೇಥ್ ಕೊಡುವುದು ದುಂಡು ಆಕಾರ ಮಾತ್ರ. ಕಿವಿ, ಹೊಳ್ಳೆ, ಜೂಲು ಬೇಕೆಂದರೆ ಉಳಿ ಹಿಡಿಯಲೇಬೇಕು. ಮರದ ಕಾಯಿಗಳನ್ನು ಲೋಕಕ್ಕೆಲ್ಲ ಕಳಿಸುವ ಅಮೃತಸರದಲ್ಲಿ ಕುದುರೆ ಕೆತ್ತುವುದೇ ಒಂದು ಪ್ರತ್ಯೇಕ ಕಸುಬು. ಸೆಟ್ಟಿನ ಯೋಗ್ಯತೆ ತಿಳಿಯಬೇಕೆ? ಮೊದಲು ಕುದುರೆಯ ಮುಖ ನೋಡಿ.

ನಾವು ಆನೆ ಎನ್ನುವ ಕಾಯಿ ನೋಡಲು ಕೋಟೆಯ ಬುರುಜು. ಕಡೆಯುವವನಿಗೆ ಅದೇ ಅನುಕೂಲ. ಮೇಲಿನ ತೆನೆಗಳನ್ನು ಆಮೇಲೆ ಗರಗಸದಿಂದ ಕೊಯ್ದರಾಯಿತು. ಒಂಟೆಯ ತಲೆಯ ಸೀಳೂ ಅಷ್ಟೇ, ಗರಗಸದ ಒಂದು ಓರೆ ಗೀರು.

ಇಂದು ಟೂರ್ನಿಗಳಲ್ಲಿ ಕಾಣುವ ವಿನ್ಯಾಸವನ್ನು 1849ರಲ್ಲಿ ನೋಂದಾಯಿಸಿದವರು ನಥಾನಿಯೆಲ್ ಕುಕ್, ಮಾರಿದ್ದು ಲಂಡನ್ನಿನ ಜೇಕ್ಸ್ ಸಂಸ್ಥೆ. ಹೆಸರು ಮಾತ್ರ ಆಟಗಾರ ಹೋವರ್ಡ್ ಸ್ಟಾಂಟನ್ ಅವರದು!

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಹೇಳುವ ಅಳತೆ: ರಾಜ 9.5 ಸೆಂ.ಮೀ., ಪದಾತಿ 5 ಸೆಂ.ಮೀ.

ಹಲಗೆಗೆ 64 ಚೌಕ ಕತ್ತರಿಸಿ ಅಂಟಿಸುವುದು ಬೇಡ. ಕಪ್ಪು ನಾಲ್ಕು, ಬಿಳಿ ನಾಲ್ಕು ಪಟ್ಟಿಗಳನ್ನು ಒಂದು ಬಿಟ್ಟು ಒಂದರಂತೆ ಅಂಟಿಸಿ, ಒಣಗಿದ ಮೇಲೆ ಅಡ್ಡಡ್ಡ ಎಂಟು ತುಂಡು ಕೊಯ್ಯಿರಿ. ಒಂದು ಬಿಟ್ಟು ಒಂದು ತುಂಡನ್ನು ತಿರುಗಿಸಿ ಮತ್ತೆ ಅಂಟಿಸಿದರೆ ಚದುರಂಗ ತಾನಾಗಿ ಮೂಡುತ್ತದೆ. ಲೆಕ್ಕ ತಪ್ಪುವುದು ಪಟ್ಟಿಯ ಉದ್ದದಲ್ಲಿ. 5 ಸೆಂ.ಮೀ. ಚೌಕ ಎಂಟಾದರೆ 40 ಸೆಂ.ಮೀ. ಸಾಕೆನಿಸುತ್ತದೆ. ಆದರೆ ಗರಗಸ ಪ್ರತಿ ಕೊಯ್ತಕ್ಕೂ 3 ಮಿ.ಮೀ. ತಿಂದರೆ ಏಳು ಕೊಯ್ತಕ್ಕೆ 21 ಮಿ.ಮೀ. ಹುಡಿಯಾಗಿ ನೆಲಕ್ಕೆ. 43 ಸೆಂ.ಮೀ. ಇಟ್ಟುಕೊಳ್ಳುವುದು ಕ್ಷೇಮ. ಸುತ್ತಲಿನ ಚೌಕಟ್ಟನ್ನು ಗಟ್ಟಿಯಾಗಿ ಅಂಟಿಸಿಬಿಡಬೇಡಿ. ಮಳೆಗಾಲದ ಬಾಗಿಲಿನಂತೆ ಹಲಗೆಯೂ ಅಡ್ಡಕ್ಕೆ ಉಬ್ಬುತ್ತದೆ, ಮೂಲೆಯ ಸಂದು ಬಾಯಿ ಬಿಡುತ್ತದೆ.

ಕಪ್ಪು ಬಣ್ಣಕ್ಕೆ ಕರಿಮರ ದುಬಾರಿ, ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಅಗ್ಗದ ದಾರಿ ಅಡುಗೆಮನೆಯಲ್ಲಿದೆ. ವಿನೆಗರ್‌ನಲ್ಲಿ ಕಬ್ಬಿಣದ ನಾರನ್ನು ಕೆಲವು ದಿನ ನೆನೆಸಿಟ್ಟು ಆ ನೀರನ್ನು ಬಳಿದರೆ ಮರದ ಒಗರಿನ ಜೊತೆ ಕಬ್ಬಿಣ ಕೂಡಿ ಕಪ್ಪಾಗುತ್ತದೆ. ಒಗರು ಕಡಿಮೆಯಿರುವ ಮರಕ್ಕೆ ಮೊದಲು ಕಡಕ್ ಚಹಾ ಡಿಕಾಕ್ಷನ್ ಬಳಿಯಿರಿ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಕ್ರಬ್ಬರ್ ಮಾತ್ರ ಪ್ರಯೋಜನಕ್ಕಿಲ್ಲ, ಅದು ಸುಲಭಕ್ಕೆ ಕರಗದು.

ಬಣ್ಣಕ್ಕೆ ಬ್ರಷ್ಷೇ ಬೇಡ ಎಂಬುದನ್ನು ಚನ್ನಪಟ್ಟಣದವರು ಬಲ್ಲರು. ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹತ್ತುತ್ತದೆ; ಮೇಲೆ ತಾಳೆಗರಿ ಒತ್ತಿ ಹೊಳಪು. ಆಟಿಕೆಗೆ ಒಗ್ಗಿದ್ದು ಪದಾತಿಗೆ ಒಗ್ಗದೇ?

ಎಂಟು ಪದಾತಿಗಳು ಒಂದೇ ತೆರನಾಗಬೇಕೇ? ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ರಟ್ಟಿನ ಅಚ್ಚು ಹಿಡಿದು ಎಂಟಕ್ಕೂ ಮೊದಲು ಕುತ್ತಿಗೆ, ಆಮೇಲೆ ಎಂಟಕ್ಕೂ ತಲೆ.

ಒಳ್ಳೆಯ ಕಾಯಿ ತಟ್ಟಿದರೂ ಉರುಳದು. ಬುಡದಲ್ಲಿ ತೂತು ಕೊರೆದು ತೂಕ ತುಂಬಿರುತ್ತಾರೆ. ಹಿಂದಿನಿಂದಲೂ ಸೀಸ ಬಳಕೆಯಲ್ಲಿದೆ. ಸೀಸ ವಿಷ, ಮನೆಯಲ್ಲಿ ಕಬ್ಬಿಣದ ವಾಷರ್ ಸಾಕು. ಮೇಲೆ ಬನಾತಿನ ಬಿಲ್ಲೆ.

ಇನ್ನೊಂದು: ಅನೇಕ ಸೆಟ್ಟುಗಳಲ್ಲಿ 34 ಕಾಯಿ ಇರುತ್ತವೆ. ಕೊನೆಯ ಮನೆ ಮುಟ್ಟಿದ ಪದಾತಿ ಮಂತ್ರಿಯಾದಾಗ ಹಳೆಯ ಮಂತ್ರಿ ಇನ್ನೂ ಆಟದಲ್ಲಿದ್ದರೆ ಬೇಕಾಗುತ್ತದಲ್ಲ! ಲೇಥ್ ಹೂಡಿರುವಾಗಲೇ ಬಣ್ಣಕ್ಕೊಂದರಂತೆ ಎರಡು ಮಂತ್ರಿಗಳನ್ನು ಹೆಚ್ಚಿಗೆ ಕಡೆದಿಡಿ.