ಎಲ್ವಿಸ್‌ಗೂ ಬಿಟ್ಟುಕೊಡದ ಹಾಡು

‘ಐ ವಿಲ್ ಆಲ್ವೇಸ್ ಲವ್ ಯೂ’ ಅಂದ ಕೂಡಲೇ ನಮಗೆ ನೆನಪಾಗೋದು ವಿಟ್ನಿ ಹ್ಯೂಸ್ಟನ್. ಆದರೆ ಅದನ್ನು ಬರೆದವರು, ಮೊದಲು ಹಾಡಿದವರು ಅಮೆರಿಕದ ಕಂಟ್ರಿ ಗಾಯಕಿ ಡಾಲಿ ಪಾರ್ಟನ್. ಇನ್ನೊಂದು ವಿಷಯ: ಅದು ಪ್ರೇಮಿಗೆ ಬರೆದ ಹಾಡಲ್ಲ, ಬಾಸ್‌ಗೆ ಬರೆದದ್ದು! ನನ್ನ ಮಟ್ಟಿಗೆ ಅಷ್ಟು ಚಂದದ ರಾಜೀನಾಮೆ ಪತ್ರ ಇನ್ನೊಂದಿಲ್ಲ.

ಡಾಲಿ ಹುಟ್ಟಿದ್ದು 1946ರಲ್ಲಿ, ಟೆನೆಸಿಯ ಬೆಟ್ಟದ ಸೀಮೆಯಲ್ಲಿ. ಮನೆಯಲ್ಲಿ ಹನ್ನೆರಡು ಮಕ್ಕಳು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಪ್ಪ ಕೊಟ್ಟ ಫೀಸು ಒಂದು ಚೀಲ ಮೆಕ್ಕೆಜೋಳದ ಹಿಟ್ಟು. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ಆಕೆ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ಗೆ ಹೊರಟರು. 1967ರಲ್ಲಿ ಮೊದಲ ಆಲ್ಬಂ ‘ಹಲೋ, ಐ ಆಮ್ ಡಾಲಿ’ ಬಂತು. ಅದೇ ವರ್ಷ ಪೋರ್ಟರ್ ವ್ಯಾಗನರ್ ಎಂಬ ಜನಪ್ರಿಯ ಗಾಯಕನ ಟಿವಿ ಶೋನಲ್ಲಿ ಕೆಲಸವೂ ಸಿಕ್ಕಿತು.

ಶೋ ಹೆಸರು ತಂದುಕೊಟ್ಟಿತು. ಆದರೆ ವರ್ಷಗಳು ಕಳೆದಂತೆ ಡಾಲಿಗೆ ಸ್ವಂತ ದಾರಿ ಬೇಕು ಅನ್ನಿಸತೊಡಗಿತು. ಪೋರ್ಟರ್ ಬಿಡಲೊಲ್ಲರು. ಮಾತಾಡಿದರೆ ಬರೀ ಜಗಳ. ಕೊನೆಗೆ 1973ರಲ್ಲಿ ಒಂದು ಹಾಡು ಬರೆದು ಅವರೆದುರು ಕೂತು ಹಾಡಿದರು. ಕೇಳಿದ ಪೋರ್ಟರ್ ಅತ್ತುಬಿಟ್ಟರಂತೆ. ಹೋಗು, ಆದ್ರೆ ಈ ರೆಕಾರ್ಡ್ ನಾನೇ ಮಾಡ್ತೀನಿ ಅಂದರಂತೆ. 1974ರಲ್ಲಿ ಬಿಡುಗಡೆಯಾದ ಆ ಹಾಡು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಅರ್ಧ ಪಾಲಿನ ಪ್ರಶ್ನೆ

ಈಗ ಎಲ್ವಿಸ್ ಪ್ರೆಸ್ಲಿ ಕಣ್ಣು ಇದರ ಮೇಲೆ ಬಿತ್ತು. ಎಲ್ವಿಸ್ ಹಾಡ್ತಾರೆ ಅಂದ್ರೆ ಯಾವ ಕವಿಗೆ ಬೇಡ? ಡಾಲಿಗೂ ಖುಷಿಯೋ ಖುಷಿ. ಆಗ ಎಲ್ವಿಸ್‌ನ ಮ್ಯಾನೇಜರ್ ಕರ್ನಲ್ ಟಾಮ್ ಪಾರ್ಕರ್ ಒಂದು ಷರತ್ತು ಮುಂದಿಟ್ಟರು: ಹಾಡಿನ ಪ್ರಕಾಶನದ ಹಕ್ಕಿನಲ್ಲಿ ಅರ್ಧ ನಮಗೆ.

ಈ ಹಕ್ಕು ಅಂದ್ರೆ ಏನು? ಹಾಡನ್ನು ಯಾರೇ ಹಾಡಲಿ, ರೇಡಿಯೊದಲ್ಲಿ ಬರಲಿ, ಸಿನಿಮಾದಲ್ಲಿ ಬಳಸಲಿ, ಪ್ರತಿ ಸಲವೂ ರಾಯಲ್ಟಿ ಬರುತ್ತೆ. ಹಾಡುವವರು ಬದಲಾದರೂ ಹಾಡಿನ ಒಡೆತನ ಬದಲಾಗಲ್ಲ. ಡಾಲಿ ಒಪ್ಪಲಿಲ್ಲ. ಆ ರಾತ್ರಿಯೆಲ್ಲ ಅತ್ತೆ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಎಲ್ವಿಸ್ ಆ ಹಾಡನ್ನು ರೆಕಾರ್ಡ್ ಮಾಡಲೇ ಇಲ್ಲ.

1992ರಲ್ಲಿ ‘ದಿ ಬಾಡಿಗಾರ್ಡ್’ ಸಿನಿಮಾಕ್ಕಾಗಿ ವಿಟ್ನಿ ಹಾಡಿದರು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 14 ವಾರ ಒಂದನೇ ಸ್ಥಾನ! ಆ ಯಶಸ್ಸಿನಲ್ಲಿ ಬರೆದವರ ಪಾಲು ಅರ್ಧವಾಗದೆ ಡಾಲಿ ಕೈಯಲ್ಲೇ ಇತ್ತು. ಇಪ್ಪತ್ತೆಂಟರ ಆಸುಪಾಸಿನಲ್ಲಿ, ಅಷ್ಟು ದೊಡ್ಡ ಹೆಸರಿನೆದುರು ‘ಆಗಲ್ಲ’ ಅನ್ನೋದಕ್ಕೆ ಎಷ್ಟು ಗುಂಡಿಗೆ ಬೇಕು! ಸಂಬಳದ ಮಾತಿಗೆ ಬಾಸ್ ಕ್ಯಾಬಿನ್‌ಗೆ ಹೋಗಿ ತಲೆಯಾಡಿಸಿ ಬರುವ ನಮ್ಮಂಥವರಿಗೆ ಅದು ಚೆನ್ನಾಗಿ ಅರ್ಥವಾಗುತ್ತೆ.

ಎಲ್ಲಿಂದ ಶುರು ಮಾಡೋದು?

*ಕೋಟ್ ಆಫ್ ಮೆನಿ ಕಲರ್ಸ್ (1971):* ನನ್ನ ಮೊದಲ ಆಯ್ಕೆ. ಶೀರ್ಷಿಕೆ ಗೀತೆಯಲ್ಲಿ ಅಮ್ಮ ಚಿಂದಿ ಬಟ್ಟೆ ಸೇರಿಸಿ ಮಗಳಿಗೆ ಕೋಟು ಹೊಲಿಯುತ್ತಾಳೆ, ನಮ್ಮಲ್ಲಿ ಕೌದಿ ಹೊಲೀತಾರಲ್ಲ, ಹಾಗೆ. ಶಾಲೆಯಲ್ಲಿ ಮಕ್ಕಳು ನಗುತ್ತಾರೆ. ಇದು ಡಾಲಿಯದೇ ಬಾಲ್ಯ.

*ಜೋಲೀನ್ (1974):* ರಾಜೀನಾಮೆ ಹಾಡು ಇರೋದು ಇದರಲ್ಲೇ. ಶೀರ್ಷಿಕೆ ಗೀತೆ ತನ್ನ ಗಂಡನನ್ನು ಕಸಿದುಕೊಳ್ಳಬೇಡ ಅಂತ ಒಬ್ಬ ಸುಂದರಿಯನ್ನು ಬೇಡಿಕೊಳ್ಳುತ್ತೆ. ಗಂಡನ ಜೊತೆ ಸಲುಗೆಯಿಂದ ಮಾತಾಡುತ್ತಿದ್ದ ಬ್ಯಾಂಕ್ ಉದ್ಯೋಗಿ ಇದಕ್ಕೆ ಪ್ರೇರಣೆ. ಹೆಸರು ಮಾತ್ರ ಆಟೋಗ್ರಾಫ್ ಕೇಳಲು ಬಂದ ಪುಟ್ಟ ಹುಡುಗಿಯದು.

*9 ಟು 5 ಅಂಡ್ ಆಡ್ ಜಾಬ್ಸ್ (1980):* ಸೋಮವಾರ ಬೆಳಿಗ್ಗೆಗೆ ಇದು. ಸಿನಿಮಾ ಸೆಟ್‌ನಲ್ಲಿ ಉದ್ದನೆಯ ಕೃತಕ ಉಗುರುಗಳನ್ನು ಉಜ್ಜಿದಾಗ ಟೈಪ್‌ರೈಟರ್ ಥರ ಸದ್ದು ಬಂತಂತೆ. ಆ ತಾಳದಿಂದಲೇ ‘9 ಟು 5’ ಹುಟ್ಟಿತು.

*ದಿ ಗ್ರಾಸ್ ಈಸ್ ಬ್ಲೂ (1999):* ಬ್ಯಾಂಜೊ, ಫಿಡಲ್‌ಗಳ ನಡುವೆ ಬೆಟ್ಟದೂರಿನ ಸಂಗೀತಕ್ಕೆ ಮರಳಿದ ಡಾಲಿ ಇಲ್ಲಿ ಸಿಗ್ತಾರೆ.

ಇನ್ನೊಂದು ಮಾತು. ಡಾಲಿಯ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆ ನೋವಿನಿಂದಲೇ 1995ರಲ್ಲಿ ಪುಟ್ಟ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕ ಉಚಿತವಾಗಿ ಕಳಿಸುವ ‘ಇಮ್ಯಾಜಿನೇಷನ್ ಲೈಬ್ರರಿ’ ಶುರು ಮಾಡಿದರು. ಹಕ್ಕಿನಲ್ಲಿ ಅರ್ಧ ಪಾಲು ಬಿಡದ ಕೈ ಕೊಡೋದರಲ್ಲಿ ಮಾತ್ರ ಧಾರಾಳ.

ಇವತ್ತು ಮನೆಗೆ ಹೋಗುವಾಗ ಆ ಹಾಡಿನ 1974ರ ರೆಕಾರ್ಡಿಂಗ್ ಮೊದಲು ಕೇಳಿ, ಆಮೇಲೆ ವಿಟ್ನಿಯದು. ಯಾವುದು ಹೆಚ್ಚು ತಟ್ಟಿತು ಅಂತ ಬರೆದು ತಿಳಿಸಿ. ನನ್ನ ಓಟು ಡಾಲಿಗೆ.